ನಾಲ್ಕಿಂಚಿನ ಚೌಕಟ್ಟೋ, ಮೊಣಕಾಲಿನ ಹಿಡಿತವೋ

ಇಪ್ಪತ್ತೆರಡು ವರ್ಷಗಳಿಂದ ರವಿಕೆ ಹೊಲಿಯುತ್ತಿರುವವಳಿಗೆ ಇದೇನು ಮಹಾ ಎಂದುಕೊಂಡು, ಹೋದ ವರ್ಷ 52,000 ರೂಪಾಯಿ ಸುರಿದು ಕಂಪ್ಯೂಟರ್ ಎಂಬ್ರಾಯ್ಡರಿ ಮಷೀನು ತಂದೆ. ಎಂಟು ತಿಂಗಳಾದ ಮೇಲೆ ಕೈಯಿಂದ ಬಟ್ಟೆ ಆಡಿಸಿ ಹೂವು ಹಾಕುವ, ಯಾರೋ ಬಳಸಿ ಬಿಟ್ಟಿದ್ದ ಜಿಗ್‌ಜ್ಯಾಗ್ ಮಷೀನನ್ನು 13,500ಕ್ಕೆ ಕೊಂಡೆ. ಈಗ ನನ್ನ ಸ್ಟೂಲು ಇರುವುದು ಈ ಎರಡನೆಯದರ ಮುಂದೆ.

ಎರಡರ ಕೆಲಸವನ್ನೂ ಕಸೂತಿ ಎನ್ನಲು ಧಾರವಾಡದವಳಾದ ನನಗೆ ಬಾಯಿ ಬರುವುದಿಲ್ಲ. ಕಸೂತಿಯೆಂದರೆ ಬಟ್ಟೆಯ ಎಳೆ ಎಣಿಸಿ ಹಾಕುವ ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ಕೈಹೊಲಿಗೆಗಳು. ಗವಂತಿ, ಮುರಗಿಗಳಲ್ಲಿ ಹಿಂದೆ ಮುಂದೆ ಒಂದೇ ರೂಪ. ಮಷೀನಿನಲ್ಲಿ ಬಟ್ಟೆ ತಿರುವಿದರೆ ಅಡಿಯಿಂದ ಬರುವ ಬಾಬಿನ್ ದಾರ ಹಲ್ಲು ಕಿರಿಯುತ್ತದೆ.

ಕಂಪ್ಯೂಟರ್ ಮಷೀನಿನ ಹೊಲಿಗೆ ಚೊಕ್ಕ, ಅದರಲ್ಲಿ ಎರಡು ಮಾತಿಲ್ಲ. ತೊಡಕಿರುವುದು ಬಟ್ಟೆ ಬಿಗಿಯುವ ಚೌಕಟ್ಟಿನಲ್ಲಿ. ನನ್ನದು 100 ಮಿಲಿಮೀಟರ್ ಉದ್ದ, ಅಷ್ಟೇ ಅಗಲ. ಅದಕ್ಕಿಂತ ದೊಡ್ಡ ವಿನ್ಯಾಸವನ್ನು ಮಷೀನು ತೆರೆಯುವುದೇ ಇಲ್ಲ. ಮದುವೆ ರವಿಕೆಯ ಬೆನ್ನಿನ ಕೊರಳಿಗೋ ಒಂಬತ್ತು ಇಂಚಿನ ಬಳ್ಳಿ ಬೇಕು. ವಿನ್ಯಾಸವನ್ನು ತುಂಡು ಮಾಡಿ, ಒಂದು ತುಂಡು ಹೊಲಿದು, ಬಟ್ಟೆ ಬಿಚ್ಚಿ, ಮತ್ತೆ ಚೌಕಟ್ಟಿಗೆ ಏರಿಸಿ, ಮುಂದಿನದನ್ನು ಅದಕ್ಕೆ ತಾಗಿಸಬೇಕು. ಚಾಕಿನಲ್ಲಿ ಅಡ್ಡಗೆರೆ, ಉದ್ದಗೆರೆ ಎಳೆದುಕೊಂಡು ಕೂಡಿಸಿದೆ. ಬಳ್ಳಿ ನಡುಬೆನ್ನಿನಲ್ಲಿ ಎರಡು ಮಿಲಿಮೀಟರ್ ಬಿಟ್ಟುಕೊಂಡಿತು.

ನನ್ನ ಅಳತೆ ತಪ್ಪಿತೆಂದು ಮೂರು ದಿನ ನನ್ನನ್ನೇ ಬೈದುಕೊಂಡೆ. ಅಳತೆ ಸರಿಯೇ ಇತ್ತು. ಒತ್ತಾದ ಹೊಲಿಗೆ ರೇಷ್ಮೆಯನ್ನು ಒಳಕ್ಕೆ ಎಳೆದುಕೊಂಡಿತ್ತು. ಗೆರೆಯೂ ಬಟ್ಟೆಯ ಜೊತೆಗೇ ಸರಿದಿತ್ತು. ಅಡಿಗೆ ಹಾಕಿದ ತೆಳು ಪೇಪರ್ ಕ್ಯಾನ್ವಾಸ್ ತಡೆಯಲಿಲ್ಲ, ದಪ್ಪನೆಯದು ಹಾಕಿದರೆ ಕೊರಳು ರಟ್ಟಿನಂತೆ ನಿಂತಿತು. ಚೌಕಟ್ಟು ಬಿಗಿ ಮಾಡಿದರೆ ರೇಷ್ಮೆಯ ಮೇಲೆ ಅದರ ಅಚ್ಚು, ಸಡಿಲ ಬಿಟ್ಟರೆ ಬಟ್ಟೆ ಜಾರುತ್ತದೆ. ರವಿಕೆ ಒಯ್ಯಲು ಬಂದ ಹುಡುಗಿ ಬೆನ್ನು ನೋಡಿದವಳೇ, “ಬಳ್ಳಿ ಇಲ್ಲಿ ಮುರಿದಿದೆಯಲ್ಲ ಅಕ್ಕ” ಎಂದಳು. ಆ ಸಂದಿಗೆ ಕೈಯಿಂದಲೇ ಒಂದು ಮಣಿ ಕೂರಿಸಿ, ಕೂಲಿಯಲ್ಲಿ ಮುನ್ನೂರು ಬಿಟ್ಟುಕೊಟ್ಟೆ. ದೊಡ್ಡ ಚೌಕಟ್ಟಿನ ಮಷೀನು ಕೊಳ್ಳಬಹುದಿತ್ತಲ್ಲ ಎನ್ನುವವರು ಮೊದಲು ಅದರ ಬೆಲೆ ಕೇಳಿ ಬರಲಿ.

ಇನ್ನೊಂದು ಪೇಚು ನನ್ನ ಕೈಯದು. ಕಂಪ್ಯೂಟರ್ ಮಷೀನಿನಲ್ಲಿ ಚೌಕಟ್ಟು ತಾನೇ ಓಡಾಡುತ್ತದೆ, ನಾವು ಮುಟ್ಟಬಾರದು. ಬಟ್ಟೆ ನಡೆಸಿ ರೂಢಿಯಾದ ಬೆರಳುಗಳು ಸುಮ್ಮನಿರಬೇಕಲ್ಲ! ಸ್ವಲ್ಪ ನೇರ ಮಾಡೋಣವೆಂದು ಚೌಕಟ್ಟು ಹಿಡಿದ ಮೊದಲ ವಾರವೇ ಎರಡು ಸೂಜಿ ಮುರಿದವು. ಹೊಲಿಗೆಯ ಗಂಧವಿಲ್ಲದ ನನ್ನ ತಂಗಿಯ ಮಗಳು ಇದನ್ನು ನನಗಿಂತ ಬೇಗ ಕಲಿತಳು.

ಜಿಗ್‌ಜ್ಯಾಗ್ ಮಷೀನಿಗೆ ಬಟ್ಟೆ ಒತ್ತುವ ಪಾದವಿಲ್ಲ, ಎಳೆಯುವ ಹಲ್ಲಿಲ್ಲ. ರಿಂಗಿಗೆ ಬಿಗಿದ ಬಟ್ಟೆಯನ್ನು ಎರಡು ಕೈಯಲ್ಲಿ ಆಡಿಸಬೇಕು. ಮೇಜಿನಡಿಯ ಹಿಡಿಕೆಯನ್ನು ಮೊಣಕಾಲಿನಿಂದ ಒತ್ತಿದಷ್ಟೂ ಸೂಜಿ ಅಗಲಕ್ಕೆ ತೂಗುತ್ತದೆ. ಎಲೆಯ ತುದಿಗೆ ಮೊಣಕಾಲು ಸಡಿಲ, ಹೊಟ್ಟೆಗೆ ಬಿಗಿ, ತೊಟ್ಟಿಗೆ ಮತ್ತೆ ಸಡಿಲ. ಮೊದಲ ತಿಂಗಳು ನನ್ನ ಎಲೆಗಳೆಲ್ಲ ಬದನೆಕಾಯಿಯಾದವು. ಆಮೇಲೆ ಕೈ ಕೂತಿತು. ಬಟ್ಟೆ ಎಳೆದುಕೊಳ್ಳುವುದು ಕಣ್ಣೆದುರೇ ಕಾಣುವುದರಿಂದ ಅಲ್ಲಿಯೇ ಒಂದು ಸುತ್ತು ಹೆಚ್ಚು ಹಾಕಿ ಸರಿಪಡಿಸುತ್ತೇನೆ. ರಿಂಗು ಸರಿಸಿದರೂ ಬಳ್ಳಿ ಮುರಿಯುವುದಿಲ್ಲ, ಏಕೆಂದರೆ ಮುಂದಿನ ಎಲೆ ಎಲ್ಲಿಂದ ಹೊರಡಬೇಕೆಂದು ಹೇಳುವವಳು ನಾನೇ.

ಜರಿ ದಾರ ಎರಡರಲ್ಲೂ ತುಂಡಾಗುತ್ತದೆ; ದೊಡ್ಡ ಕಣ್ಣಿನ ಸೂಜಿ ಹಾಕಿ, ವೇಗ ತಗ್ಗಿಸಬೇಕು. ಸದ್ದು ಜಿಗ್‌ಜ್ಯಾಗ್‌ನದೇ ಜೋರು. ಒಂದೇ ನಮೂನೆಯ ಮೂವತ್ತು ತುಂಡು ಬೇಕಾದರೆ ಕಂಪ್ಯೂಟರ್ ಮಷೀನೇ ಸೈ. ಎರಡಕ್ಕೂ ಬಟ್ಟೆ ಕತ್ತರಿಸುವ ಮೊದಲೇ ಹೂವು ಹಾಕಬೇಕು. ಮೊದಲು ಕತ್ತರಿ ಹಿಡಿಯುವ ನನ್ನ ಚಟಕ್ಕೆ ಎರಡು ರವಿಕೆ ಬಟ್ಟೆ ಬಲಿಯಾದವು.

ನನಗೆ ಬರುವುದು ತಿಂಗಳಿಗೆ ಏಳೆಂಟು ಮದುವೆ ರವಿಕೆ, ಒಂದರಂತೆ ಇನ್ನೊಂದಿರುವುದಿಲ್ಲ. ಒಂದೊಂದಕ್ಕೂ ಕಂಪ್ಯೂಟರ್ ಮಷೀನು ಓದುವ ವಿನ್ಯಾಸದ ಫೈಲಿಗೆ ಹಣ ಕೊಟ್ಟರೆ ಕೈಗೆ ಉಳಿಯುವುದೇನು? ಹಾಗಾಗಿ 13,500ರದೇ ನನ್ನ ಮಷೀನು.

ಕಂಪ್ಯೂಟರ್ ಮಷೀನನ್ನು ಮಾರಿಲ್ಲ. ಜೂನ್‌ನಲ್ಲಿ ಶಾಲೆ ತೆರೆಯುವಾಗ ಮಕ್ಕಳ ಕರವಸ್ತ್ರಕ್ಕೆ ಇಂಗ್ಲಿಷಿನಲ್ಲಿ ಹೆಸರು ಹಾಕಲು ಅದು ಬೇಕು. ಅದರೊಳಗೆ ಕನ್ನಡ ಅಕ್ಷರವಿಲ್ಲ. ಕನ್ನಡದಲ್ಲಿ ಬೇಕೆಂದವರಿಗೆ ಒತ್ತಕ್ಷರ ಸಮೇತ ಜಿಗ್‌ಜ್ಯಾಗ್‌ನಲ್ಲಿ ನಾನೇ ಬರೆದುಕೊಡುತ್ತೇನೆ, ಹತ್ತು ರೂಪಾಯಿ ಹೆಚ್ಚು.