ಟರ್ಮಿನಲ್ ಆಪ್‌ನ ಬ್ರೌಸರ್‌ಗೆ ತರೋ ಸರ್ವಿಸ್: ಎಲ್ಲ ಸರಿ, ಅಕ್ಕಿ ಮಾತ್ರ ನುಚ್ಚು

ಟರ್ಮಿನಲ್ ಅಂದ್ರೆ ಬರೀ ಅಕ್ಷರ ತೋರಿಸೋ ಕಮಾಂಡ್ ಕಿಟಕಿ. ಅದರಲ್ಲಿ ಓಡೋ ಆಪ್ ಬರೆಯೋಕೆ ಪೈಥಾನ್ ಭಾಷೇಲಿ ಟೆಕ್ಸ್ಚುಯಲ್ ಅಂತ ಒಂದು ಲೈಬ್ರರಿ ಇದೆ. ಹಾಗೆ ಬರೆದ ಆಪ್‌ಗೆ ತಮ್ಮ ಸರ್ವರ್ ಮೂಲಕ ವೆಬ್ ಲಿಂಕ್ ಕೊಡೋ ಸರ್ವಿಸ್ ಒಂದನ್ನ ತುಂಬಾ ದಿನದಿಂದ ಫ್ರೀ ಪ್ಲಾನ್‌ನಲ್ಲೇ ಓಡಿಸ್ತಿದ್ದೀನಿ. ಹೆಸರು ಹಾಕಲ್ಲ, ತಕರಾರು ಅವರೊಬ್ಬರ ಮೇಲಲ್ಲ. ಆಪ್ ಅಂದ್ರೆ ದಾವಣಗೆರೇಲಿರೋ ಭಾವನ ದಿನಸಿ ಅಂಗಡಿ ಸ್ಟಾಕ್ ಪಟ್ಟಿ, ಅಷ್ಟೇ.

ನಮ್ಮನೆ ನೆಟ್‌ಗೆ ಪಬ್ಲಿಕ್ ಐಪಿ ಇಲ್ಲ, ಪೋರ್ಟ್ ಫಾರ್ವರ್ಡ್ ಮಾಡಿ ಹೊರಗಿನೋರನ್ನ ನೇರ ಒಳಗೆ ಬಿಡೋ ಮಾತೇ ಇಲ್ಲ, ಇಲ್ಲಿ ನನ್ನ ಮೆಷಿನ್ನೇ ಅವರ ಸರ್ವರ್‌ಗೆ ವೆಬ್‌ಸಾಕೆಟ್ (ಸದಾ ತೆರೆದಿರೋ ಸಂಪರ್ಕ) ಹಾಕ್ಕೊಂಡು ಕೂತಿರುತ್ತೆ, ಅಂಗಡೀಲಿ ಬ್ರೌಸರ್‌ನಲ್ಲಿ ಒತ್ತಿದ ಕೀ ಆ ದಾರೀಲೇ ಬರುತ್ತೆ, ಡೇಟಾ ಫೈಲ್ ನನ್ನ ಹತ್ರನೇ. ಬೆಳಗ್ಗೆ ಹಾಲು ಕಾಯೋಕಿಟ್ಟು ಹಳೇ ಲ್ಯಾಪ್‌ಟಾಪ್ ತೆಗೆದು ಟಿಮಕ್ಸ್ (ಕಿಟಕಿ ಮುಚ್ಚಿದ್ರೂ ಕಮಾಂಡ್ ಓಡಿಸ್ತಾ ಇರೋ ಟೂಲ್) ಒಳಗೆ ಸರ್ವಿಸ್‌ನ ಕಮಾಂಡ್ ಕೊಟ್ಟು ಮುಚ್ಚಿ ಫ್ರಿಜ್ ಮೇಲಿಡ್ತೀನಿ (ಮುಚ್ಚಿದ್ರೂ ಸ್ಲೀಪ್ ಆಗದಂಗೆ ಸೆಟ್ಟಿಂಗ್ ಇದೆ), ಹಾಲು ಉಕ್ಕೋದ್ರೊಳಗೆ ಅಂಗಡೀಲಿ ಸ್ಕ್ರೀನ್ ರೆಡಿ. ಮೌಸ್ ಕ್ಲಿಕ್ಕೂ ನಡೆಯುತ್ತೆ. ಭಾವಂಗೆ ಅದು ಟರ್ಮಿನಲ್ ಅಂತ ಇವತ್ತಿಗೂ ಗೊತ್ತಿಲ್ಲ, ಅದೇ ನಂಗೆ ಖುಷಿ.

ಕಿರಿಕಿರಿ ಶುರುವಾಗಿದ್ದು ಐಟಂ ಹೆಸರೆಲ್ಲ ಕನ್ನಡಕ್ಕೆ ಬದಲಾಯಿಸಿದ ಮೇಲೆ. ಭಾವ ಫೋನ್ ಮಾಡಿ "ಏನೋ ತಮ್ಮ, ನಿನ್ ಕಂಪ್ಯೂಟರ್‌ನಾಗೆ ಅಕ್ಕಿ ನುಚ್ಚಾಗೈತಲ್ಲೋ" ಅಂದ್ರು. ನೋಡಿದ್ರೆ ನಿಜ, ಅಕ್ಕಿ ಹೋಗಿ ಅಕ್‌ಕಿ, ಬೆಲ್ಲ ಹೋಗಿ ಬೆಲ್‌ಲ. ಟರ್ಮಿನಲ್ ಅಂದ್ರೆ ಒಂದೇ ಅಳತೆಯ ಚೌಕಗಳ ಸಾಲು, ಒತ್ತಕ್ಷರ ಅದರಲ್ಲಿ ಕೂರಲ್ಲ. ಮೇಲಾಗಿ ಯಾವ ಅಕ್ಷರಕ್ಕೆ ಎಷ್ಟು ಚೌಕ ಅಂತ ಪೈಥಾನ್ ಕಡೆ ಲೆಕ್ಕ ಒಂದು, ಬ್ರೌಸರ್ ಕಡೆ ಲೆಕ್ಕ ಇನ್ನೊಂದು, ಹಾಗಾಗಿ ಟೇಬಲ್ ಗೆರೆ ಪ್ರತಿ ಸಾಲಲ್ಲೂ ಅತ್ತಿತ್ತ ವಾಲಿ, ದರ ಪಕ್ಕದ ಕಾಲಂಗೆ ನುಗ್ಗುತ್ತೆ. ಫಾಂಟ್ ಬದಲಾಯಿಸಿದೆ, ಏನೂ ಉಪಯೋಗ ಆಗ್ಲಿಲ್ಲ. ಬೇರೇದ್ರಲ್ಲಾದ್ರೂ ಸರಿ ಬರುತ್ತೇನೋ ಅಂತ ಟಿಟಿವೈಡಿ (ಟರ್ಮಿನಲ್‌ನ ಬ್ರೌಸರ್‌ನಲ್ಲಿ ತೋರಿಸೋ, ನಮ್ಮ ಮೆಷಿನ್‌ನಲ್ಲೇ ಓಡೋ ಫ್ರೀ ಟೂಲ್) ಹಾಕಿ ಮನೆ ವೈಫೈಯಲ್ಲಿ ನೋಡಿದೆ (ಹೊಸ ವರ್ಷನ್‌ನಲ್ಲಿ ಬ್ರೌಸರ್‌ನಿಂದ ಟೈಪ್ ಮಾಡೋಕೆ ಕಮಾಂಡ್ ಜೊತೆ -W ಆಪ್ಷನ್ ಕೊಡ್ಲೇಬೇಕು), ಅದರೊಳಗಿರೋದೂ ಬ್ರೌಸರ್‌ನಲ್ಲಿ ಟರ್ಮಿನಲ್ ಬಿಡಿಸೋ ಎಕ್ಸ್‌ಟರ್ಮ್ ಜೆಎಸ್ ಲೈಬ್ರರೀನೇ, ಅದೇ ನುಚ್ಚು.

ಈಗ ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಹಾಕಿದ್ದೀನಿ, ಭಾವ ಗೊಣಗ್ತಾರೆ, ಆದ್ರೂ ಬಿಟ್ಟಿಲ್ಲ. ದುಡ್ಡು ಕೊಟ್ಟು ತಗೋತೀನಾ ಅಂದ್ರೆ ಸದ್ಯಕ್ಕಿಲ್ಲ. ಬರೀ ಇಂಗ್ಲಿಷ್ ಆಪ್ ತೋರಿಸೋರಿಗೆ ಕಣ್ಮುಚ್ಚಿ ಹೇಳ್ತೀನಿ ತಗೊಳ್ಳಿ ಅಂತ, ಆದ್ರೆ ಆಪ್ ಬದಲು ಶೆಲ್‌ನೇ (ಯಾವ ಕಮಾಂಡ್ ಬೇಕಾದ್ರೂ ಕೊಡೋ ಜಾಗ) ಶೇರ್ ಮಾಡ್ಬೇಡಿ, ಲಿಂಕ್ ಸಿಕ್ಕೋರ ಕೈಗೆ ಇಡೀ ಮೆಷಿನ್ ಕೊಟ್ಟಂಗೆ. ಮತ್ತೆ ಕಂಟ್ರೋಲ್ ಡಬ್ಲ್ಯೂ ಒತ್ತಿ ಪದ ಅಳಿಸೋ ಅಭ್ಯಾಸ ಇದ್ರೆ ಹುಷಾರು, ಪದದ ಬದಲು ಬ್ರೌಸರ್ ಟ್ಯಾಬೇ ಹೋಗುತ್ತೆ.