ಕಾಕಾನ ಡಯಾಲಿಸಿಸ್: ಸರ್ಕಾರಿ, ಖಾಸಗಿ, ಸೊಲ್ಲಾಪುರ

ಕಾಕಾನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಸಲಕ್ಕೆ ನಾಲ್ಕು ತಾಸು. ಇಂಡಿ ಕಡೆಯ ನಮಗೆ ದಾರಿ ಮೂರು: ಜಿಲ್ಲೆಯೊಳಗಿನ ಸರ್ಕಾರಿ ಕೇಂದ್ರ, ವಿಜಯಪುರದ ಖಾಸಗಿ ಆಸ್ಪತ್ರೆ, ಗಡಿಯಾಚೆಯ ಸೊಲ್ಲಾಪುರ. ಮೂರನ್ನೂ ನೋಡಿದ್ದಾಯಿತು.

ಖಾಸಗಿಯಲ್ಲಿ ಬೇಕಾದ ಹೊತ್ತಿಗೆ ಪಾಳಿ ಸಿಗುತ್ತದೆ, ಅದೇ ದೊಡ್ಡ ಸುಖ. ಬಿಲ್ ಮಾತ್ರ ನಮ್ಮದೇ. ಕಾಕಾನದು ಎಪಿಎಲ್ ಕಾರ್ಡು. ರಾಜ್ಯದ ಚಿಕಿತ್ಸಾ ನೆರವಿನ ಯೋಜನೆ ಆರೋಗ್ಯ ಕರ್ನಾಟಕದಲ್ಲಿ ಇಂಥ ಕಾರ್ಡಿಗೆ ಸರ್ಕಾರ ಕೊಡುವುದು ಪ್ಯಾಕೇಜಿನ ಶೇ. 30 ಅಷ್ಟೇ, ಅದಕ್ಕೂ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಸರ್ಕಾರಿಯಲ್ಲೇ ಮಷಿನ್ ಇರುವಾಗ ರೆಫರಲ್ ಯಾರು ಬರೆದುಕೊಡುತ್ತಾರೆ? ಖಾಸಗಿ ಆಸ್ಪತ್ರೆಗಳ ಲೈಸೆನ್ಸಿನ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಗೆ 2017ರಲ್ಲಿ ಬೆಳಗಾವಿ ಅಧಿವೇಶನದಲ್ಲಿ ತಿದ್ದುಪಡಿ ಆಯಿತು. ಆಗ ವೈದ್ಯರು ಬೀದಿಗಿಳಿದಿದ್ದು ನೆನಪಿದೆ ಅಲ್ವಾ? ಮಸೂದೆ ಸಾಕಷ್ಟು ಮೆತ್ತಗಾಗಿಯೇ ಪಾಸಾಯಿತು. ದರಪಟ್ಟಿ ಎಲ್ಲರಿಗೂ ಕಾಣುವಂತೆ ಹಾಕಬೇಕು, ಸರಿ. ಆದರೆ ಕೈಯಿಂದ ದುಡ್ಡು ಕೊಡುವವರಿಗೆ ದರ ಎಷ್ಟು ಎನ್ನುವುದು ಆಸ್ಪತ್ರೆಯವರ ಇಷ್ಟ. ನೋಂದಣಿ, ತ್ಯಾಜ್ಯ ವಿಲೇವಾರಿ, ಅಗ್ನಿ ಸುರಕ್ಷತೆ, ಎಲ್ಲದರ ಖರ್ಚೂ ಕೊನೆಗೆ ಬಿಲ್ಲಿಗೇ ಬಂದು ಕೂರುತ್ತದೆ.

ಸೊಲ್ಲಾಪುರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಿಕಿತ್ಸೆ ಚೆನ್ನಾಗಿದೆ, ಮಾತಿಗೂ ತೊಂದರೆಯಿಲ್ಲ. ಅಲ್ಲಿನ ಸರ್ಕಾರದ ಆರೋಗ್ಯ ಯೋಜನೆ, ಫುಲೆ ಯೋಜನೆ, ಮಹಾರಾಷ್ಟ್ರದ ರೇಷನ್ ಕಾರ್ಡಿನವರಿಗೆ. ನಮಗೆ ಪೂರ್ತಿ ನಗದು, ಮೇಲೆ ಗಾಡಿ ಬಾಡಿಗೆ.

ಸರ್ಕಾರಿ ಕೇಂದ್ರ ಪುಕ್ಕಟೆ. ಪಾಳಿಗೆ ಕಾಯಬೇಕು, ಒಮ್ಮೊಮ್ಮೆ ಬೆಳಗಿನ ಐದಕ್ಕೇ ಹಾಜರಿರಬೇಕು. ಮೊದಲೆಲ್ಲ ರೋಗಿಯ ಹೆಸರು ಬರೆದ ಟೇಪು ಅಂಟಿಸಿ, ರಕ್ತ ಸೋಸುವ ಅದೇ ಡಯಲೈಜರನ್ನು ತೊಳೆದು ಮತ್ತೆ ಹಾಕುತ್ತಿದ್ದರು. ಕಾಕಾ ಆ ಟೇಪನ್ನು ಎರಡೆರಡು ಸಲ ಓದುತ್ತಿದ್ದ. 2024ರಿಂದ ರಾಜ್ಯದ ಸರ್ಕಾರಿ ಕೇಂದ್ರಗಳಿಗೆ ಒಂದೇ ಸಲ ಬಳಸುವ ಡಯಲೈಜರ್ ಬಂದಿದೆ. ಈಗ ತಂತ್ರಜ್ಞ ಕಣ್ಣೆದುರೇ ಪೊಟ್ಟಣ ಹರಿಯುತ್ತಾನೆ. ನಿಯಮ ಬಿಗಿಯಾಯಿತು, ಖರ್ಚೂ ಏರಿತು, ಆದರೆ ಏರಿದ್ದು ಖಜಾನೆಯ ಲೆಕ್ಕದಲ್ಲಿ. ಇದೇ ಬದಲಾವಣೆ ಖಾಸಗಿಯಲ್ಲಿ ಆಗಿದ್ದರೆ ನಮ್ಮ ಜೇಬಿಗೇ ಬೀಳುತ್ತಿತ್ತು.

ಅದಕ್ಕೇ ನಮ್ಮ ಆಯ್ಕೆ ಸರ್ಕಾರಿ ಕೇಂದ್ರ. ತುರ್ತು ಬಂದರೆ ಖಾಸಗಿ.

ಲೈಸೆನ್ಸ್ ನಿಯಮ ಇನ್ನೂ ಬಿಗಿ ಮಾಡುವುದಾದರೆ ಸುಮ್ನೆ ಕೋಣೆಯ ಅಳತೆ ಹಿಡಿದು ಕೂರಬೇಡಿ, ನೀರು ನೋಡಿ. ನಾಲ್ಕು ತಾಸಿನಲ್ಲಿ ಆ ನೀರಿನಿಂದಲೇ ಮಾಡಿದ ಸುಮಾರು 120 ಲೀಟರ್ ಡಯಾಲಿಸಿಸ್ ದ್ರಾವಣ ರಕ್ತದ ಪಕ್ಕದಲ್ಲೇ ಹರಿದುಹೋಗುತ್ತದೆ. ನಮ್ಮ ಕಡೆ ಬೋರಿನ ನೀರಿನ ಸವಳು ಗೊತ್ತೇ ಇದೆ. ನೀರಿನ ಪರೀಕ್ಷೆ ಕಡ್ಡಾಯವಾಗಲಿ. ಸರ್ಕಾರಿ ಕೇಂದ್ರ ನಡೆಸುವ ಗುತ್ತಿಗೆದಾರರಿಗೆ ಸಲಕ್ಕಿಷ್ಟು ಎಂದು ಸರ್ಕಾರ ಕೊಡುವ ದರವೂ ಅದೇ ಆದೇಶದಲ್ಲಿ ಏರಲಿ. ಇಲ್ಲದಿದ್ದರೆ ಅವರು ಪಾಳಿ ಕಡಿಮೆ ಮಾಡುತ್ತಾರೆ, ನಾವು ಮತ್ತೆ ಖಾಸಗಿಗೆ ಓಡಬೇಕಾಗುತ್ತದೆ.