ಹಾಲ್ ಫ್ಲೋಮೀಟರ್: ಹೊಸೂರಿನ ಲ್ಯಾಬ್‌ನಲ್ಲಿ ಮೂರು ವರ್ಷ

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಹತ್ತಿರ ನಮ್ಮದೊಂದು ಚಿಕ್ಕ ಲ್ಯಾಬ್. ಲೋಹದ 3ಡಿ ಪ್ರಿಂಟಿಂಗ್‌ಗೆ ಬರುವ ನಿಟಿನಾಲ್ ಪುಡಿಯನ್ನು ಪರೀಕ್ಷಿಸುತ್ತೇವೆ. ಪರಮಾಣು ಲೆಕ್ಕದಲ್ಲಿ ನಿಕ್ಕಲ್, ಟೈಟಾನಿಯಂ ಹೆಚ್ಚುಕಡಿಮೆ ಅರ್ಧಕ್ಕರ್ಧ ಇರುವ ಲೋಹ ಇದು. ಬಗ್ಗಿಸಿ ಬಿಸಿ ಮಾಡಿದರೆ ಹಳೆಯ ಆಕಾರಕ್ಕೆ ಮರಳುತ್ತದೆ.

ಪುಡಿ ಎಷ್ಟು ಸರಾಗವಾಗಿ ಹರಿಯುತ್ತದೆ ಅಂತ ಅಳೆಯಲು ನಮ್ಮಲ್ಲಿರುವುದು ಹಾಲ್ ಫ್ಲೋಮೀಟರ್. ನೋಡಲು ಸುಮ್ನೆ ಒಂದು ಆಲಿಕೆ. ಕೆಳಗೆ 2.5 ಮಿ.ಮೀ. ತೂತು. 50 ಗ್ರಾಂ ಪುಡಿ ತುಂಬಿ, ತೂತಿನಿಂದ ಬೆರಳು ತೆಗೆದು, ಎಲ್ಲಾ ಇಳಿಯಲು ಎಷ್ಟು ಸೆಕೆಂಡು ಬೇಕು ಅಂತ ನೋಡುವುದು, ಅಷ್ಟೇ. ಕೆಳಗೆ 25 ಘನ ಸೆಂ.ಮೀ. ಬಟ್ಟಲು ಇಟ್ಟು, ಅದು ತುಂಬುವಷ್ಟು ಪುಡಿ ಇಳಿಸಿ ತೂಗಿದರೆ ತಟ್ಟದೆ ತುಂಬಿದ ಪುಡಿಯ ಸಾಂದ್ರತೆಯೂ ಸಿಗುತ್ತದೆ. ಕರೆಂಟ್ ಬೇಡ, ಸಾಫ್ಟ್‌ವೇರ್ ಬೇಡ. ಮೂರು ವರ್ಷದಲ್ಲಿ ರಿಪೇರಿ ಅಂತ ಒಂದು ರೂಪಾಯಿ ಖರ್ಚಾಗಿಲ್ಲ.

ಲೇಸರ್ ಪ್ರಿಂಟರ್‌ಗೆ ಬರುವುದು ಸಾಮಾನ್ಯವಾಗಿ 15ರಿಂದ 45 ಮೈಕ್ರಾನ್ ಕಾಳು. ದುಂಡಗಿದ್ದರೆ ನೀರಿನಂತೆ ಇಳಿಯುತ್ತದೆ. ದೊಡ್ಡ ಕಾಳಿಗೆ ಮರಿಕಾಳು ಅಂಟಿದ್ದರೆ, ತೇವ ಹಿಡಿದಿದ್ದರೆ ತೂತಿನಲ್ಲೇ ನಿಲ್ಲುತ್ತದೆ. ಅಕ್ಟೋಬರ್ ಮಳೆಯಲ್ಲಿ ಒಂದು ಡಬ್ಬಿ ಹಾಗೇ ಮಾಡಿತು. ವ್ಯಾಕ್ಯೂಮ್ ಓವನ್‌ನಲ್ಲಿ ಒಣಗಿಸಿದ ಮೇಲೆ ಸರಾಗವಾಗಿ ಇಳಿಯಿತು. ಆಲಿಕೆ ಇಲ್ಲದಿದ್ದರೆ ಆ ಪುಡಿ ನೇರ ಪ್ರಿಂಟರ್‌ಗೆ ಹೋಗಿ ಪದರ ಕೆಡುತ್ತಿತ್ತು.

ಆದರೆ ಇದನ್ನೇ ನಂಬಿ ಕೂರಬೇಡಿ. ಕಳೆದ ವರ್ಷ ಎರಡು ಲಾಟ್ ಬಂದವು. ಎರಡೂ ಇಳಿದದ್ದು ಒಂದೇ ಸಮಯದಲ್ಲಿ. ಪ್ರಿಂಟ್ ಮಾಡಿದ ಸ್ಪ್ರಿಂಗ್‌ಗಳಲ್ಲಿ ಒಂದು ಬಗ್ಗಿಸಿ ಬಿಸಿನೀರಿಗೆ ಹಾಕಿದ ಕೂಡಲೇ ಹಳೆಯ ಆಕಾರಕ್ಕೆ ಬಂತು, ಇನ್ನೊಂದು ಅಲ್ಲಾಡಲಿಲ್ಲ. ಪುಡಿ ಹರಿಯುವುದಕ್ಕೂ ಅದರ ರಸಾಯನಕ್ಕೂ ನೇರ ಸಂಬಂಧ ಇಲ್ಲ ಅಲ್ವಾ? ನಿಕ್ಕಲ್ ಶೇ. 0.1ರಷ್ಟು ಪರಮಾಣು ಆಚೀಚೆ ಆದರೂ ಆಕಾರ ಮರಳುವ ತಾಪಮಾನ ಸುಮಾರು 10 ಡಿಗ್ರಿ ಜಾರಬಹುದು. ಆಮ್ಲಜನಕ ಜಾಸ್ತಿಯಾದರೆ ಅದು ಟೈಟಾನಿಯಂ ಅನ್ನು ಕಸಿದುಕೊಳ್ಳುತ್ತದೆ. ಲೇಸರ್ ಬಿಸಿಗೆ ನಿಕ್ಕಲ್ ಆವಿಯಾಗುವುದೂ ಇದೆ. ಆ ತಾಪಮಾನದ ಜಾರಾಟ ಹಿಡಿಯಲು ಡಿಎಸ್‌ಸಿ ಬೇಕು, ಅಂದರೆ ಬಿಸಿ ಮಾಡುವಾಗ, ತಣಿಸುವಾಗ ಲೋಹ ಹೀರುವ, ಬಿಡುವ ಶಾಖವನ್ನು ಅಳೆಯುವ ಯಂತ್ರ.

ಕೊಳ್ಳುವವರಿಗೆ ಒಂದು ಮಾತು. ತೂತು ಕಟ್ಟಿಕೊಂಡರೆ ತಂತಿ ಹಾಕಿ ಕೆರೆಯಬೇಡಿ, ಮೆತ್ತನೆ ಬ್ರಷ್ ಸಾಕು. ತೂತು ಚೂರು ಅಗಲವಾದರೂ ಸೆಕೆಂಡಿನ ಲೆಕ್ಕ ಕೆಟ್ಟಿತು. ಟೈಟಾನಿಯಂ ಇರುವ ನುಣ್ಣನೆ ಪುಡಿಗೆ ಬೆಂಕಿ ಹತ್ತುವ ಅಪಾಯ ಇದೆ, ಕಿಡಿ ಹಾರದಂತೆ ಸ್ಟ್ಯಾಂಡ್‌ಗೆ ಅರ್ಥಿಂಗ್ ಕೊಡಿಸಿ.

ಈಗ ಹೊಸ ಡಬ್ಬಿ ಬಂದರೆ ಮೊದಲು ಆಲಿಕೆ, ಆಮೇಲೆ ಡಿಎಸ್‌ಸಿ. ಎರಡರ ಅಂಕಿಯನ್ನೂ ಡಬ್ಬಿಯ ಮೇಲೇ ಬರೆಯುತ್ತೇವೆ.